ಮಂಡಕ್ಕಿಯ ಕತ್ತಿನ ತನಿಖೆ

ನನಗೆ ಅನುಮಾನ ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಾನು ಹೇಳದಿದ್ದರೆ ನಮ್ಮ ಮನೆಯವರು ಹೇಳುತ್ತಾರೆ, ಅವರು ಹೇಳಿದರೆ ನೀವು ಪೂರ್ತಿ ನಂಬಿಬಿಡುತ್ತೀರಿ. ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಹೇಳಿಕೊಟ್ಟದ್ದು ಎಷ್ಟು ಮಕ್ಕಳ ತಲೆಗೆ ಹೋಯಿತೋ ಗೊತ್ತಿಲ್ಲ, ಆದರೆ ಪರೀಕ್ಷೆಯ ಕೋಣೆಗೆ ನಾನು ಕಾಲಿಟ್ಟರೆ ಮಕ್ಕಳ ಕೈಬೆವರು ಡೆಸ್ಕಿನ ಮೇಲೆ ಕಾಣುತ್ತದೆ. ಹುಡುಗನೊಬ್ಬ ಮೂರು ಸಲ ನೀರು ಕುಡಿದರೆ ಅವನ ಬಾಟಲಿಯ ಲೇಬಲ್ ಕಿತ್ತು ನೋಡುವವಳು ನಾನು. ಒಮ್ಮೆ ಲೇಬಲ್ಲಿನ ಹಿಂದೆ ಇಡೀ ಪ್ರಮೇಯ ಸಿಕ್ಕಿತ್ತು. ಆಮೇಲೆ ಕಿತ್ತ ಲೇಬಲ್ಲುಗಳಲ್ಲಿ ಏನೂ ಸಿಗಲಿಲ್ಲ, ಆದರೂ ಆ ಒಂದು ಸಲ ಸಿಕ್ಕಿತಲ್ಲ, ನನಗೆ ಅಷ್ಟು ಸಾಕು. ಸ್ಕೂಲಿನ ಈ ಅಭ್ಯಾಸ ಬೀದಿಗೂ ಬಂತು. ತರಕಾರಿಯವಳು ಕೊಸರಿಗೆ ಕೊತ್ತಂಬರಿ ಹಾಕಿದರೆ ಬದನೆಕಾಯಿಯನ್ನು ಇನ್ನೊಮ್ಮೆ ಹೊರಳಿಸಿ ನೋಡುತ್ತೇನೆ. ಮದುವೆಮನೆಯಲ್ಲಿ ಯಾರಾದರೂ “ಟೀಚರ್, ಸಣ್ಣಗಾಗಿದೀರಲ್ಲ” ಅಂದರೆ ಸಂತೋಷಪಡುವ ಬದಲು, ಇವರ ಮಗ ಈ ವರ್ಷ ಯಾವ ಕ್ಲಾಸು ಎಂದು ಲೆಕ್ಕ ಹಾಕುತ್ತೇನೆ.

ಇಂಥ ನನ್ನ ಮನೆಗೆ ಕಳೆದ ದಸರಾ ರಜೆಯಲ್ಲಿ ಒಂದು ಬೆಕ್ಕಿನ ಮರಿ ಬಂತು. ತಂದವರು ನಮ್ಮ ಮನೆಯವರು, ಪ್ರಕಾಶ್. ಅವರಿಗೆ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಮಾಲು ನೋಡಿ ದರ್ಜೆ ಹೇಳುವ ಕೆಲಸ. ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ಅಡಿಕೆ ತೆಗೆದು, ಬೆಳಕಿಗೆ ಹಿಡಿದು, ಮುಖದಲ್ಲಿ ಏನೂ ತೋರಿಸದೆ ವಾಪಸ್ ಹಾಕುವುದು. ಬೆಳೆದವನೂ ಎದುರಿಗೇ ನಿಂತಿರುತ್ತಾನೆ, ಕೊಳ್ಳುವವನೂ ಎದುರಿಗೇ ನಿಂತಿರುತ್ತಾನೆ, ಬಾಯಿ ಬಿಟ್ಟರೆ ಇಬ್ಬರಲ್ಲಿ ಒಬ್ಬರಿಗೆ ಸಿಟ್ಟು. ಆ ಮುಖವನ್ನು ಅವರು ಸಂಜೆ ಮನೆಗೂ ಹಾಕಿಕೊಂಡೇ ಬರುತ್ತಾರೆ. ಉಪ್ಪಿಟ್ಟಿಗೆ ಉಪ್ಪು ಸರಿಯಾಗಿದೆಯಾ ಎಂದು ಕೇಳಿದರೂ ಅದೇ ಮುಖ. ಅಂಥವರು ಒಂದು ಸಂಜೆ ಓಲ್ಡ್ ಟೌನಿನ ದಿನಸಿ ಅಂಗಡಿಗೆ ಹೋದವರು ತೊಗರಿಬೇಳೆಯ ಜೊತೆ ಬಟ್ಟೆಚೀಲದಲ್ಲಿ ಒಂದು ಮರಿಯನ್ನೂ ಹಾಕಿಕೊಂಡು ಜನ್ನಾಪುರದ ನಮ್ಮ ಮನೆಗೆ ಬಂದರು.

“ಅಕ್ಕಿಮೂಟೆ ಹಿಂದೆ ಹುಟ್ಟಿದ್ದಂತೆ. ತಾಯಿ ಎಲ್ಲೋ ಹೋಗ್ಬಿಟ್ಟಿದೆ. ಅಂಗಡಿಯವನು ಸುಮ್ಮನೆ ಕೊಟ್ಟ,” ಅಂದರು.

“ಸುಮ್ಮನೆ ಯಾಕೆ ಕೊಟ್ಟ?”

“ಬೆಕ್ಕಿನ ಮರಿ ಮಾರಾಯ್ತಿ, ಮತ್ತೆ ತೂಕ ಹಾಕಿ ಕೊಡ್ತಾನಾ?”

ಮರಿಗೆ ಎರಡು ತಿಂಗಳಿರಬಹುದು. ಬೆಳ್ಳಗೆ, ಮೈಮೇಲೆ ಅಲ್ಲಲ್ಲಿ ಹಳದಿ ಮಚ್ಚೆ, ಖಾರ ಹಾಕಿ ಕಲಸಿದ ಮಂಡಕ್ಕಿಯ ಹಾಗೆ. ಅದಕ್ಕೇ ಮಂಡಕ್ಕಿ ಎಂದೇ ಹೆಸರಾಯಿತು. ಬೆಕ್ಕು ಬೇಡ ಎಂದು ನಾನು ಎರಡು ದಿನ ಖಡಾಖಂಡಿತವಾಗಿ ಹೇಳಿದೆ. ಮೂರನೆಯ ದಿನ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಅದು ಬಂದು ಕಟ್ಟಿನ ಮೇಲೆಯೇ ಸುರುಳಿ ಸುತ್ತಿ ಮಲಗಿತು. ಎಬ್ಬಿಸಲು ಮನಸ್ಸಾಗಲಿಲ್ಲ. ಆ ಕಟ್ಟಿನ ಮಕ್ಕಳಿಗೆ ಅಂಕಪಟ್ಟಿ ತಡವಾದದ್ದು ಯಾಕೆಂದು ಹೆಡ್‌ಮಾಸ್ಟರಿಗೆ ಇವತ್ತಿಗೂ ಗೊತ್ತಿಲ್ಲ. ಮಗಳು ಓದಲಿಕ್ಕೆಂದು ಮೈಸೂರಿನ ಹಾಸ್ಟೆಲ್ ಸೇರಿದ ಮೇಲೆ ನಮ್ಮ ಮನೆಯಲ್ಲಿ ನನ್ನ ತೊಡೆ ಹುಡುಕಿಕೊಂಡು ಬಂದ ಜೀವ ಇದೊಂದೇ. ನನಗೆ ಅದರ ಮೇಲೆ ಪ್ರಾಣವಾಯಿತು, ಮುಚ್ಚುಮರೆ ಯಾಕೆ.

ಪ್ರಾಣವಾದ ಮೇಲೆ ಮನೆಯ ಶಿಸ್ತು ಅದಕ್ಕೂ ಅನ್ವಯಿಸಬೇಕಲ್ಲ. ನಮ್ಮ ಮನೆಯ ಶಿಸ್ತೆಂದರೆ ವಾರಕ್ಕೊಂದು ಎಣ್ಣೆಸ್ನಾನ. ಶಾಸ್ತ್ರದ ಪ್ರಕಾರ ಶನಿವಾರವಂತೆ, ನನ್ನ ಟೈಮ್ ಟೇಬಲ್ ಪ್ರಕಾರ ಭಾನುವಾರ. ಹರಳೆಣ್ಣೆ ಬೆಚ್ಚಗೆ ಮಾಡಿ ನೆತ್ತಿಗೆ ತಟ್ಟಿ, ಕತ್ತು ಬೆನ್ನಿಗೆಲ್ಲ ತಿಕ್ಕಿ, ಅರ್ಧ ಗಂಟೆ ಬಿಟ್ಟು, ಸೀಗೆಪುಡಿ ಚಿಗರೆಪುಡಿ ಕಲಸಿ ಹಾಕಿ ಉಜ್ಜಿ, ಸುಡುಸುಡು ನೀರು ಹೊಯ್ಯುವುದು. ನಮ್ಮಮ್ಮ ನನಗೆ ಮಾಡಿದ್ದು, ನಾನು ಮಗಳಿಗೆ ಮಾಡಿದ್ದು. ಅವಳು ಅಷ್ಟು ಖುಷಿಯಾಗಿ ಹಾಸ್ಟೆಲಿಗೆ ಹೊರಟದ್ದು ಓದಿನ ಆಸೆಯಿಂದಲೋ ಭಾನುವಾರದ ಭಯದಿಂದಲೋ ಎಂಬ ಅನುಮಾನ ನನಗೆ ಇದ್ದೇ ಇದೆ. ನಮ್ಮ ಮನೆಯವರ ತಲೆಗೂ ಮದುವೆಯಾದ ಲಾಗಾಯ್ತು ನಾನೇ ಎಣ್ಣೆ ಹಚ್ಚಿ ನಾನೇ ಸೀಗೆಪುಡಿ ಉಜ್ಜುವುದು, ಯಾಕೆಂದರೆ ಅವರಿಗೆ ಬಿಟ್ಟರೆ ಮೇಲೆಮೇಲೆ ತಿಕ್ಕಿಕೊಂಡು ಎದ್ದು ಬರುತ್ತಾರೆ. ಹೀಗಿರುವಾಗ ಅಕ್ಕಿಮೂಟೆಯ ಹಿಂದೆ ಹುಟ್ಟಿದ, ಮೈಯೆಲ್ಲ ಧೂಳಾಗಿದ್ದ ಮರಿಯನ್ನು ಬಿಡುವುದುಂಟೆ? ಬಂದ ಮೊದಲ ಭಾನುವಾರವೇ ಮಂಡಕ್ಕಿಗೆ ಎಣ್ಣೆಸ್ನಾನವಾಯಿತು. ಎಣ್ಣೆ ಹಚ್ಚುವಾಗ ಕಣ್ಣು ಮುಚ್ಚಿ ತೆಪ್ಪಗೆ ಕೂತಿತ್ತು, ಹಿತವಾಗಿರಬೇಕು ಅಂದುಕೊಂಡೆ. ನೀರು ಬಿದ್ದಾಗ ಮಾತ್ರ ನನ್ನ ಮುಂಗೈಯನ್ನು ಪರಚಿಹಾಕಿತು. ಮಗಳೂ ಸಣ್ಣವಳಿದ್ದಾಗ ಹೀಗೇ ಮಾಡುತ್ತಿದ್ದಳು. ಟವೆಲಿನಲ್ಲಿ ಸುತ್ತುವಷ್ಟರಲ್ಲಿ ಕೈಜಾರಿ ಓಡಿ, ಹಸಿಮೈಯಲ್ಲೇ ಮಂಚದ ಕೆಳಗೆ ಸೇರಿಕೊಂಡು ಸಂಜೆಯವರೆಗೆ ಮೈ ನೆಕ್ಕಿಕೊಳ್ಳುತ್ತ ಕೂತಿತ್ತು. ನೋಡಿ, ಎಷ್ಟು ಶುಚಿ ಇದು ಎಂದು ನಾನು ಹೆಮ್ಮೆಪಟ್ಟೆ.

ಎರಡನೆಯ ವಾರ ಮರಿ ಕತ್ತು ಕೆರೆದುಕೊಳ್ಳಲು ಶುರುಮಾಡಿತು. ಹಿಂಗಾಲಿನಲ್ಲಿ ಟಕಟಕ ಎಂದು ಹೊಲಿಗೆ ಮಷೀನಿನ ಹಾಗೆ. ಕೂದಲು ಸರಿಸಿ ನೋಡಿದರೆ ಕಿವಿಯ ಹಿಂದೆ, ಕತ್ತಿನ ಮೇಲೆ, ಕೆಂಪಗೆ ಒಂದು ಕಲೆ. ಮುಟ್ಟಿದರೆ ಬಿಸಿ, ಮೇಲೆ ಪಸೆಪಸೆ. ನಾನು ಕಂಪಾಸ್ ಬಾಕ್ಸಿನಿಂದ ಸ್ಕೇಲ್ ತೆಗೆದು ಅಳೆದೆ. ಅಡ್ಡ ಎರಡು ಸೆಂಟಿಮೀಟರ್. ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದು ತಾರೀಖು, ವಾರ, ಅಳತೆ ಬರೆದೆ. ಫೋನಿನಲ್ಲಿ ಫೋಟೋ ತೆಗೆದೆ. ಹೀಗೆ ತನಿಖೆ ಶುರುವಾಯಿತು. ನಮ್ಮ ಮನೆಯವರು ನೋಟ್‌ಬುಕ್ ನೋಡಿದರು, ಮರಿಯನ್ನು ನೋಡಿದರು, ಮಂಡಿಯ ಮುಖ ಮಾಡಿಕೊಂಡು ಪೇಪರ್ ಓದಲು ಹೋದರು.

ಮೊದಲ ಅನುಮಾನ ಅಂಗಡಿಯವನ ಮೇಲೆ. ಸುಮ್ಮನೆ ಕೊಟ್ಟನಲ್ಲ! ಮರಿಗೆ ಏನೋ ಕಾಯಿಲೆ ಇದೆ ಎಂದು ತಿಳಿದೇ ನಮ್ಮ ಚೀಲಕ್ಕೆ ಹಾಕಿದ್ದಾನೆ. ಸ್ಕೂಲು ಬಿಟ್ಟ ಮೇಲೆ ಬಸ್ಸು ಹತ್ತುವ ಮೊದಲು ಅವನ ಅಂಗಡಿಗೆ ಹೋದೆ. ಆತ ಮೆಣಸಿನಕಾಯಿ ತೂಗುತ್ತಿದ್ದ. ಅದೇ ಸೂಲಿನ ಇನ್ನೊಂದು ಮರಿ ಅವನ ಗಲ್ಲಾಪೆಟ್ಟಿಗೆಯ ಮೇಲೆ ಮಲಗಿತ್ತು. ನಾನು ಅದರ ಕತ್ತು, ಕಿವಿ, ಹೊಟ್ಟೆ, ಬಾಲ ಎಲ್ಲ ತಿರುವಿ ತಿರುವಿ ನೋಡಿದೆ. ಒಂದು ಕಲೆಯಿಲ್ಲ, ಮೈ ಮಿರಮಿರ ಮಿಂಚುತ್ತಿದೆ. “ಇದಕ್ಕೆ ಏನು ಮಾಡ್ತೀರಿ ನೀವು?” ಎಂದು ಕೇಳಿದೆ.

“ಏನ್ ಮಾಡೋದು ಮೇಡಂ? ಏನೂ ಮಾಡಲ್ಲ. ಅದ್ರ ಪಾಡಿಗೆ ಅದು ಇರತ್ತೆ,” ಅಂದ.

ಏನೂ ಮಾಡುವುದಿಲ್ಲವಂತೆ! ಇಂಥ ಉತ್ತರ ಕೊಡುವ ಮಕ್ಕಳನ್ನು ನಾನು ಎಷ್ಟು ನೋಡಿಲ್ಲ. ಏನು ಮಾಡುತ್ತಿದ್ದೀಯೋ ಎಂದರೆ ಏನೂ ಇಲ್ಲ ಮಿಸ್ ಎನ್ನುತ್ತಾರೆ, ಜೇಬು ಝಾಡಿಸಿದರೆ ಚೀಟಿ ಬೀಳುತ್ತದೆ. ಆದರೆ ಇಲ್ಲಿ ಝಾಡಿಸಲು ಏನೂ ಸಿಗಲಿಲ್ಲ. ಅಂಗಡಿಯವನನ್ನು ಸದ್ಯಕ್ಕೆ ಬದಿಗಿಟ್ಟು ಹಾಲಿನವನನ್ನು ಹಿಡಿದೆ. ಹಾಲಿಗೆ ಯಾವ ನೀರು ಹಾಕುತ್ತೀಯಪ್ಪ ಎಂದು ನೇರವಾಗಿಯೇ ಕೇಳಿದೆ. ಅವನು ನೀರೇ ಹಾಕುವುದಿಲ್ಲ ಎಂದು ಆಣೆ ಮಾಡಿ, ಮರುದಿನದಿಂದ ನಮ್ಮ ಮನೆಗೆ ಕೊನೆಯಲ್ಲಿ ಬರತೊಡಗಿದ. ಒಂದು ವಾರ ಬೆಳಗಿನ ಕಾಫಿ ಎಂಟೂವರೆಗೆ ಆಯಿತು, ನಾನು ಎರಡು ಸಲ ಪ್ರಾರ್ಥನೆ ಮುಗಿದ ಮೇಲೆ ಸ್ಕೂಲಿಗೆ ಹೋದೆ.

ಇಷ್ಟರಲ್ಲಿ ನೋಟ್‌ಬುಕ್ಕಿನಲ್ಲಿ ಒಂದು ವಿಷಯ ಎದ್ದು ಕಂಡಿತು. ಕಲೆ ವಾರವಿಡೀ ಒಂದೇ ತೆರನಾಗಿ ಬೆಳೆಯುತ್ತಿರಲಿಲ್ಲ. ಶುಕ್ರವಾರ ಶನಿವಾರದ ಹೊತ್ತಿಗೆ ಸ್ವಲ್ಪ ಒಣಗುತ್ತಿತ್ತು. ಸೋಮವಾರ ಬೆಳಿಗ್ಗೆ ನೋಡಿದರೆ ಮತ್ತೆ ಹಸಿ, ಮತ್ತೆ ದೊಡ್ಡದು. ಗಣಿತದವಳಿಗೆ ಇಷ್ಟು ಸಿಕ್ಕರೆ ಸಾಕು. ಭಾನುವಾರ ಏನೋ ನಡೆಯುತ್ತಿದೆ. ಭಾನುವಾರ ಏನು ನಡೆಯುತ್ತದೆ? ಪೆನ್ಸಿಲ್ ಕಚ್ಚಿಕೊಂಡು ಕಿಟಕಿಯ ಹೊರಗೆ ನೋಡಿದೆ. ಆಗಲೇ ಪಕ್ಕದ ಮನೆಯಿಂದ ಒಗ್ಗರಣೆಯ ವಾಸನೆ ಬಂತು. ಭಾನುವಾರ ಸೆಲ್ವಿಯ ಮನೆಯಲ್ಲಿ ಮೀನು!

ಸೆಲ್ವಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅವಳ ಅಪ್ಪ ಕಾರ್ಖಾನೆಯ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದವರು, ಇವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ನಾವು ಜನ್ನಾಪುರಕ್ಕೆ ಬಂದು ಹತ್ತೊಂಬತ್ತು ವರ್ಷ, ಅವಳ ಸ್ನೇಹಕ್ಕೂ ಅಷ್ಟೇ ವಯಸ್ಸು. ನಮ್ಮ ಎರಡು ಮನೆಯ ನಡುವಿನ ಕಾಂಪೌಂಡಿನಲ್ಲಿ ನಾಲ್ಕೈದು ಇಟ್ಟಿಗೆ ಬಿದ್ದು ಒಂದು ಕಿಂಡಿಯಾಗಿದೆ. ಅದನ್ನು ಇಬ್ಬರೂ ರಿಪೇರಿ ಮಾಡಿಸಿಲ್ಲ. ಹುಳಿ, ಪಾಯಸ, ಕರಿಬೇವು, ಒಬ್ಬರ ಮೇಲೊಬ್ಬರ ದೂರು, ಎಲ್ಲವೂ ಓಡಾಡುವುದು ಆ ಕಿಂಡಿಯಿಂದ. ನನಗೆ ಡೆಂಗಿ ಬಂದು ಮಲಗಿದಾಗ ಹನ್ನೆರಡು ದಿನ ಅದೇ ಕಿಂಡಿಯಿಂದ ಗಂಜಿ ಬಂದಿದೆ. ಮಂಡಕ್ಕಿಯೂ ಹಗಲಿಡೀ ಅದರಲ್ಲೇ ನುಸುಳಿ ಅವಳ ಮಷೀನಿನ ಕೆಳಗೆ ದಾರದುಂಡೆ ಉರುಳಿಸುತ್ತಿರುತ್ತಿತ್ತು. ನಮ್ಮದು ಸಸ್ಯಾಹಾರದ ಮನೆ. ಮರಿಗೂ ಹಾಲು, ಅನ್ನ, ಮೊಸರು. ಹೊರಗೆ ಏನು ತಿನ್ನುತ್ತದೆ ಎಂದು ತಿಳಿಯಲು ಒಂದು ಸಂಜೆ ಅದರ ಬಾಯಿ ಅಗಲಿಸಿ ಮೂಸಿ ನೋಡಿದೆ. ಮೀನು. ಸಂಶಯವೇ ಇಲ್ಲ, ಒಣಮೀನು.

ಸಾಕ್ಷಿಯಿಲ್ಲದೆ ಮಾತಾಡುವವಳಲ್ಲ ನಾನು. ಸ್ಕೂಲಿನಿಂದ ಒಂದು ಪೊಟ್ಟಣ ಸೀಮೆಸುಣ್ಣದ ಪುಡಿ ತಂದು ಶುಕ್ರವಾರ ಬೆಳಿಗ್ಗೆ ಕಿಂಡಿಯ ಹತ್ತಿರ ನೆಲಕ್ಕೆ ತೆಳ್ಳಗೆ ಉದುರಿಸಿ ಹೋದೆ. ಸಂಜೆ ಬಂದು ನೋಡಿದರೆ ಮರಿಯ ಹೆಜ್ಜೆ ಸೆಲ್ವಿಯ ಮನೆಯ ಕಡೆಗೆ ಹೋಗಿದೆ, ಪಕ್ಕದಲ್ಲೇ ಗಂಡಸಿನ ಚಪ್ಪಲಿಯ ಗುರುತು. ಸ್ಕೇಲ್ ಹಿಡಿದೆ. ಇಪ್ಪತ್ತೇಳು ಸೆಂಟಿಮೀಟರ್. ಸೆಲ್ವಿಯ ಗಂಡ! ಅವಳು ಸಾಲದೆಂದು ಅವನೂ ಸೇರಿಕೊಂಡಿದ್ದಾನೆ. ಸ್ಕೇಲನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ಹೋಗಿ ಅವಳ ಬಾಗಿಲಲ್ಲಿ ನಿಂತೆ.

“ಸೆಲ್ವಿ, ಮಂಡಕ್ಕಿಗೆ ಮೀನು ಹಾಕ್ತಿದೀಯಾ?”

ಅವಳು ಮಷೀನು ನಿಲ್ಲಿಸಿದಳು. “ಯಾರು ಹೇಳಿದ್ರು ಟೀಚರ್?”

“ಯಾರು ಹೇಳಿದ್ರು ಅಂತ ಕೇಳೋರು ತಪ್ಪು ಮಾಡಿದೋರೇ.”

“ನಾನು ಹಾಕಿಲ್ಲ ಟೀಚರ್.”

“ಹಾಗಾದ್ರೆ ನಿಮ್ಮೆಜಮಾನ್ರು. ಚಪ್ಪಲಿ ಗುರುತು ಅಳೆದಿದೀನಿ.”

“ಅವರು ಊರಲ್ಲೇ ಇಲ್ವಲ್ಲ! ಸೇಲಂಗೆ ಹೋಗಿ ಎಂಟು ದಿನ ಆಯ್ತು, ಅಕ್ಕನ ಮಗಳ ಮದುವೆಗೆ.”

ಇಷ್ಟು ನೀಟಾಗಿ, ಮದುವೆಯ ಸಮೇತ ಉತ್ತರ ಬಂದಾಗ ನನ್ನ ಅನುಮಾನ ಇಮ್ಮಡಿಯಾಯಿತು. ನಿಜ ಹೇಳುವವರು ತಡವರಿಸುತ್ತಾರೆ ಎಂಬುದು ನನ್ನ ಅನುಭವ. ಸೆಲ್ವಿ ಒಂದು ಸಲ ನನ್ನ ಭುಜದ ಆಚೆಗೆ, ನಮ್ಮ ಜಗುಲಿಯ ಕಡೆ ನೋಡಿದಳು. ಅಲ್ಲಿ ನಮ್ಮ ಮನೆಯವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಓದುತ್ತಿದ್ದರು. ಅವಳು ಏನೋ ಹೇಳಲು ಹೋಗಿ ಬಾಯಿ ಮುಚ್ಚಿಕೊಂಡಳು. ನಾನು ಸುಮ್ಮನಾಗಬೇಕಿತ್ತು, ಆಗಲಿಲ್ಲ. “ಬಾಯಿಲ್ಲದ ಪ್ರಾಣಿಗೆ ವಿಷ ಹಾಕ್ದಂಗೆ ಇದು, ಇಷ್ಟು ವರ್ಷ ನಿನ್ನನ್ನ ನಂಬಿದ್ದಕ್ಕೆ,” ಎಂದುಬಿಟ್ಟೆ. ಸೆಲ್ವಿಯ ಕಣ್ಣು ತುಂಬಿತು. ಮಷೀನಿನ ಚಕ್ರಕ್ಕೆ ಕೈಕೊಟ್ಟು ತಿರುಗಿಸತೊಡಗಿದಳು. ನಾನು ಮನೆಗೆ ಬಂದು, ಹಿತ್ತಲಲ್ಲಿ ಬಿದ್ದಿದ್ದ ಒಂದು ತಗಡು ತಂದು, ಕಿಂಡಿಗೆ ಅಡ್ಡ ನಿಲ್ಲಿಸಿ, ಹಿಂದೆ ಮೂರು ಕಲ್ಲು ಒತ್ತಿದೆ.

ಆ ಭಾನುವಾರ ನಾಲ್ಕನೆಯದು. ಮೀನಿನ ನಂಜು ಮೈಯಿಂದ ಪೂರ್ತಿ ಹೋಗಲಿ ಎಂದು ಎಣ್ಣೆ ಇನ್ನೂ ಒಂದು ಚಮಚ ಜಾಸ್ತಿ ಹಾಕಿದೆ, ಸೀಗೆಪುಡಿ ಒಂದು ಹಿಡಿ ಜಾಸ್ತಿ. ಕತ್ತಿನ ಹತ್ತಿರ ವಿಶೇಷವಾಗಿ ಉಜ್ಜಿದೆ. ಮರಿ ಈ ಸಲ ಪರಚಲೂ ಇಲ್ಲ, ಬಾಯಿ ತೆರೆದು ಸದ್ದಿಲ್ಲದೆ ಕೂಗಿತು. ಸೋಮವಾರ ಸ್ಕೇಲ್ ಇಟ್ಟರೆ ಐದು ಸೆಂಟಿಮೀಟರ್. ಕೂದಲು ಉದುರಿ ಕೆಂಪು ಮಾಂಸ ಕಾಣುತ್ತಿತ್ತು, ವಾಸನೆಯೂ ಬರುತ್ತಿತ್ತು. ತಟ್ಟೆಯ ಹಾಲು ಹಾಗೇ ಕೆನೆಕಟ್ಟಿತು. ಮಂಚದ ಕೆಳಗಿನಿಂದ ಎತ್ತಿಕೊಳ್ಳಲು ಹೋದರೆ ನನ್ನನ್ನು ಕಂಡು ಹಿಂದೆ ಹಿಂದೆ ಸರಿದು ಗೋಡೆಗೆ ಅಂಟಿಕೊಂಡಿತು. ಕೈಯಲ್ಲಿ ಹಿಡಿದರೆ ಒಂದು ಹಿಡಿಯ ಜೀವ, ಮೈ ಸುಡುತ್ತಿತ್ತು. ಇದು ಉಳಿಯುವುದಿಲ್ಲವೇನೋ ಎಂದು ಮೊದಲ ಸಲ ಅನ್ನಿಸಿತು. “ನಾಳೆ ರಜೆ ಹಾಕ್ತೀನಿ, ಶಿವಮೊಗ್ಗಕ್ಕೆ ತಗೊಂಡು ಹೋಗೋಣ,” ಅಂದೆ. “ಹೂಂ,” ಅಂದರು ನಮ್ಮ ಮನೆಯವರು. ಅವರು ಅಷ್ಟು ಬೇಗ ಹೂಂ ಅಂದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಮುಚ್ಚಳವಿರುವ ತರಕಾರಿ ಬುಟ್ಟಿಯಲ್ಲಿ ಹಳೆಯ ಸೀರೆ ಹಾಸಿ ಮಂಡಕ್ಕಿಯನ್ನು ಕೂರಿಸಿ ಬಸ್ಸು ಹತ್ತಿದೆವು. ಬುಟ್ಟಿ ಮಿಯಾಂವ್ ಎಂದಿತು. “ಏನ್ ಮೇಡಂ ಒಳಗೆ?” ಎಂದ ಕಂಡಕ್ಟರ್. ಸುಳ್ಳು ಹೇಳುವುದು ನನಗೆ ಆಗದ ಕೆಲಸ, ಪೇಷಂಟು ಅಂದೆ. ಪಕ್ಕದಲ್ಲಿ ಬಾಳೆಎಲೆಯ ಕಟ್ಟು ಹಿಡಿದು ಕೂತಿದ್ದ ಅಜ್ಜಿ ಬುಟ್ಟಿಗೆ ಇಣುಕಿ, “ಅಯ್ಯೋ ಪಾಪ, ಯಾರವ್ವ ಹಿಂಗೆ ಮಾಡಿದ್ದು?” ಎಂದಳು. ಅದನ್ನೇ ಹುಡುಕುತ್ತಿದ್ದೇನೆ ಅಜ್ಜಿ ಎಂದು ಅವಳಿಗೆ ಅಂಗಡಿಯವನಿಂದ ಸೆಲ್ವಿಯವರೆಗೆ ಎಲ್ಲ ವಿವರವಾಗಿ ಹೇಳಿದೆ. ಶಿವಮೊಗ್ಗದ ಬಸ್‌ಸ್ಟ್ಯಾಂಡು ಬರುವ ಹೊತ್ತಿಗೆ ಮುಂದಿನ ಮೂರು ಸೀಟಿನವರಿಗೆ ಸೆಲ್ವಿಯ ಹೆಸರು ಬಾಯಿಪಾಠವಾಗಿತ್ತು. ನಮ್ಮ ಮನೆಯವರು ಇಡೀ ದಾರಿ ಕಿಟಕಿಯ ಹೊರಗೆ ನೋಡುತ್ತಿದ್ದರು.

ಡಾಕ್ಟರು ಚಿಕ್ಕ ಪ್ರಾಯದವನು. ಬೀದರಿನ ಕಡೆಯವನಂತೆ. ನನ್ನ ಶಿಷ್ಯನಲ್ಲ, ಶಿಷ್ಯರ ನೆಂಟನೂ ಅಲ್ಲ, ಅದನ್ನು ಮೊದಲೇ ವಿಚಾರಿಸಿಕೊಂಡೆ. ಮಂಡಕ್ಕಿಯನ್ನು ಮೇಜಿನ ಮೇಲೆ ಇಟ್ಟು, ಬಾಚಣಿಗೆಯಲ್ಲಿ ಕೂದಲು ಬಿಡಿಸಿ ಚಿಗಟವಿದೆಯಾ ನೋಡಿದ. ಒಂದೂ ಸಿಗಲಿಲ್ಲ. ಥರ್ಮಾಮೀಟರ್ ಇಟ್ಟ. ಕಲೆಯ ಹತ್ತಿರ ಬಗ್ಗಿ ಮೂಸಿದ. ಬೆರಳಿಂದ ಉಜ್ಜಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದ. ನಾನು ನೋಟ್‌ಬುಕ್ ಮುಂದಿಟ್ಟೆ. ಫೋಟೋ, ಅಳತೆ, ತಾರೀಖು, ಶಂಕಿತರ ಪಟ್ಟಿ, ಎಲ್ಲವೂ ಇತ್ತು. ಆತ ನಿಧಾನವಾಗಿ ಪುಟ ತಿರುವಿದ. “ಬಹಳ ಛಲೋ ಬರ್ದೀರಿ ಮೇಡಂ,” ಎಂದ. ನಾನು ಉಬ್ಬಿದೆ. ಆಮೇಲೆ ಕೇಳಿದ, “ಎಲ್ಲಾ ಸೋಮವಾರಾನೂ ಜಾಸ್ತಿ ಆಗ್ಯದಲ್ರೀ. ಭಾನುವಾರ ಇದಕ್ಕ ಏನ್ ಮಾಡ್ತೀರಿ?”

“ಭಾನುವಾರ ಪಕ್ಕದ ಮನೆಯಲ್ಲಿ ಮೀನು...”

“ಪಕ್ಕದ ಮನಿ ಬಿಡ್ರೀ. ನಿಮ್ಮ ಮನ್ಯಾಗ ಏನ್ ಮಾಡ್ತೀರಿ?”

“ನಮ್ಮ ಮನೆಯಲ್ಲಿ ಏನೂ ಇಲ್ಲ. ಎಣ್ಣೆಸ್ನಾನ ಮಾಡಿಸ್ತೀನಿ, ಅಷ್ಟೇ. ಹರಳೆಣ್ಣೆ, ಸೀಗೆಪುಡಿ. ಎಲ್ಲ ಶುದ್ಧ, ನಾನೇ ಗಿರಣಿಯಲ್ಲಿ ಮುಂದೆ ನಿಂತು ಪುಡಿ ಮಾಡಿಸಿದ್ದು...”

ಹೇಳುತ್ತಾ ಹೇಳುತ್ತಾ ನನ್ನ ದನಿ ನನಗೇ ಸಣ್ಣಗೆ ಕೇಳಿಸಿತು. ಡಾಕ್ಟರ್ ಪೆನ್ನು ಕೆಳಗಿಟ್ಟ. ಬಯ್ಯಲಿಲ್ಲ, ನಗಲೂ ಇಲ್ಲ. ಇಷ್ಟು ಸಣ್ಣ ಮರಿಗೆ ಸ್ನಾನವೇ ಬೇಡ, ಅದು ತನ್ನ ಮೈಯನ್ನು ತಾನೇ ನೆಕ್ಕಿ ಶುಚಿ ಮಾಡಿಕೊಳ್ಳುತ್ತದೆ ಎಂದ. ಎಣ್ಣೆ ಹೋಗುವುದಿಲ್ಲ, ಪುಡಿ ಕೂದಲಿನ ಬುಡದಲ್ಲಿ ಉಳಿದು ಉರಿ ಹತ್ತಿಸುತ್ತದೆ, ಮೇಲಿಂದ ಮೈ ಒಣಗುವುದಿಲ್ಲ. ತುರಿಸಿ ತುರಿಸಿ, ಕೆರೆದು ಕೆರೆದು ಗಾಯವಾಗುತ್ತದೆ, ವಾಸಿಯಾಗುವ ಹೊತ್ತಿಗೆ ಮತ್ತೆ ಭಾನುವಾರ. ಇನ್ನೊಂದು ವಾರ ತಡೆದಿದ್ದರೆ ಕೈಮೀರುತ್ತಿತ್ತು ಎಂದ. ಗಾಯದ ಸುತ್ತ ಕೂದಲು ಕತ್ತರಿಸಿ, ಔಷಧದ ನೀರಲ್ಲಿ ಒರೆಸಿ, ಒಣಗಿಸಿ, ಇಂಜೆಕ್ಷನ್ ಕೊಟ್ಟು, ಕೆರೆದುಕೊಳ್ಳದಂತೆ ತಲೆಯ ಸುತ್ತ ಆಲಿಕೆಯ ಹಾಗಿರುವ ಒಂದು ಪ್ಲಾಸ್ಟಿಕ್ಕಿನ ಪಟ್ಟಿ ಕಟ್ಟಿದ. ಮುಲಾಮು ದಿನಕ್ಕೆ ಎರಡು ಸಲ, ಅರಿಶಿನ ಬೇಡ, ಮನೆಯ ಯಾವ ಎಣ್ಣೆಯೂ ಬೇಡ. “ಮತ್ತ ಮೀನು?” ಎಂದು ನಮ್ಮ ಮನೆಯವರು ಕೇಳಿದರು, ಇಡೀ ಹೊತ್ತಿನಲ್ಲಿ ಅವರು ಆಡಿದ ಮಾತು ಅದೊಂದೇ, ಅದೂ ಡಾಕ್ಟರ ಧಾಟಿಯಲ್ಲೇ. “ಬೇಯಿಸಿದ ಮೀನು ಛಲೋರೀ.  ಒಣಮೀನು ಮಾತ್ರ ಬ್ಯಾಡ, ಉಪ್ಪು ಭಾಳ. ಬೆಕ್ಕು ಅಲ್ಲೇನ್ರೀ ಅದು, ಬರೇ ಮೊಸರನ್ನ ತಿಂದು ಬದುಕಂಗಿಲ್ಲ,” ಎಂದ ಡಾಕ್ಟರ್.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಹಿಂದಿನ ಸೀಟು ಹುಡುಕಿ ಕೂತೆ. ನೋಟ್‌ಬುಕ್ ಬ್ಯಾಗಿನ ತಳದಲ್ಲಿತ್ತು. ಮೂರು ವಾರ ನಾನೇ ಬರೆದ ಪುಟಗಳಲ್ಲಿ ಪ್ರತಿ ಭಾನುವಾರದ ಮುಂದೆ ನನ್ನದೇ ಅಕ್ಷರದಲ್ಲಿ “ಸ್ನಾನವಾಯಿತು” ಎಂದೂ ಇತ್ತು, ಶುಚಿತ್ವಕ್ಕೆ ಪುರಾವೆಯಿರಲಿ ಎಂದು. ಹತ್ತನೆಯ ಕ್ಲಾಸಿನ ಯಾವ ಹುಡುಗನ ಮುಂದೆ ಇಟ್ಟಿದ್ದರೂ ಉತ್ತರ ಹೇಳುತ್ತಿದ್ದ. ಮಂಡಕ್ಕಿ ಐದಾರು ದಿನದಲ್ಲಿ ಹಾಲು ಕುಡಿಯತೊಡಗಿತು, ಗಾಯ ಒಣಗಿ ಹಕ್ಕಳೆ ಕಟ್ಟಿತು. ಆದರೆ ನನ್ನ ಕೈಗೆ ಮಾತ್ರ ಬರಲೊಲ್ಲದು. ಮುಲಾಮು ಹಚ್ಚುವುದು ನಮ್ಮ ಮನೆಯವರೇ. ನಾನು ಕೋಣೆಯೊಳಗೆ ಬಂದರೆ ಆ ಪಟ್ಟಿಯ ನಡುವಿನಿಂದ ಎರಡು ಕಣ್ಣು ನನ್ನನ್ನೇ ಹಿಂಬಾಲಿಸುತ್ತಿದ್ದವು. ಅನುಮಾನದ ಕಣ್ಣು ಹೇಗಿರುತ್ತದೆ ಎಂದು ನಾನು ಎದುರಿನಿಂದ ನೋಡಿದ್ದು ಅದೇ ಮೊದಲು.

ಸೆಲ್ವಿಯ ಹತ್ತಿರ ಹೋಗಲು ಎಂಟು ದಿನ ಹಿಡಿಯಿತು. ನಡುವೆ ಎರಡು ಸಲ ಅವಳ ಗೇಟಿನವರೆಗೆ ಹೋಗಿ ವಾಪಸ್ ಬಂದೆ. ಕೊನೆಗೆ ಒಂದು ಸಂಜೆ ಕಲ್ಲು ಸರಿಸಿ ತಗಡು ತೆಗೆದೆ. ಆಚೆ ಅವಳು ಬಟ್ಟೆ ಮಡಚುತ್ತಿದ್ದಳು. ಕಿಂಡಿಯಲ್ಲಿ ತಲೆ ಇಟ್ಟು, “ಸೆಲ್ವಿ, ತಪ್ಪಾಯ್ತು ಕಣೆ. ಮೀನಲ್ಲ, ನನ್ನ ಎಣ್ಣೆಸ್ನಾನ,” ಅಂದೆ.

“ಗೊತ್ತು ಟೀಚರ್.”

“ಏನು ಗೊತ್ತು?”

“ಎಣ್ಣೆಸ್ನಾನ ಅಂತ. ಎರಡನೇ ಭಾನುವಾರವೇ ನಾನು ಅಂದ್ಕೊಂಡೆ, ಕಡವುಳೇ, ದೇವರೇ, ಈ ಟೀಚರ್ ಆ ಮರೀನ ಸಾಯಿಸೇಬಿಡ್ತಾರೆ ಅಂತ.”

“ಹೇಳಬಾರದಾಗಿತ್ತಾ?”

“ನಿಮಗಾ?” ಎಂದಳು ಸೆಲ್ವಿ. ಅದರಲ್ಲಿ ಕುಹಕವಿರಲಿಲ್ಲ, ನಿಜವಾಗಿ ಆಶ್ಚರ್ಯವಾಗಿತ್ತು ಅವಳಿಗೆ. “ನಿಮಗೆ ಯಾರು ಹೇಳ್ತಾರೆ ಟೀಚರ್? ಹೇಳಿದ್ರೆ, ಇವಳು ಯಾಕೆ ಇದನ್ನ ಹೇಳ್ತಿದಾಳೆ ಅಂತ ನನ್ನನ್ನೇ ಹಿಡ್ಕೋತೀರಿ.” ಒಂದು ಲಂಗ ಮಡಚಿಟ್ಟು ಮತ್ತೆ ಹೇಳಿದಳು, “ಮೀನು ನಾನು ಹಾಕಿಲ್ಲ. ಅಷ್ಟು ಮಾತ್ರ ನಿಜ. ಸಾರ್ ಮಾರ್ಕೆಟ್ಟಿಂದ ತಂದು ನಮ್ಮ ಮನೇಲಿ ಇಡ್ತಾರೆ. ಬೆಳಿಗ್ಗೆ ನೀವು ಸ್ಕೂಲಿಗೆ ಹೋದ ಮೇಲೆ ಬಂದು ಹಾಕಿ, ಆಮೇಲೆ ಅವರು ಮಂಡಿಗೆ ಹೋಗೋದು. ಹೇಳ್ಬೇಡ ಸೆಲ್ವಿ ಅಂದಿದ್ರು.”

ನನ್ನ ಬಾಯಿಗೆ ಸಿಕ್ಕು ಅತ್ತವಳು ಅವಳು. ಆ ಹೊತ್ತಿನಲ್ಲೂ ನಮ್ಮ ಮನೆಯವರನ್ನು ಅವಳು ಬಿಟ್ಟುಕೊಟ್ಟಿರಲಿಲ್ಲ. ಕಿಂಡಿಯಲ್ಲಿ ಕೈ ಚಾಚಿ ಅವಳ ಕೈ ಹಿಡಿದುಕೊಂಡೆ. ಅವಳೂ ಬಿಡಿಸಿಕೊಳ್ಳಲಿಲ್ಲ, “ಹೋಗ್ಲಿ ಬಿಡಿ ಟೀಚರ್, ತಗಡು ಮಾತ್ರ ಮತ್ತೆ ಇಡ್ಬೇಡಿ,” ಎಂದಳು. ನಾನು ಕಣ್ಣೊರೆಸಿಕೊಂಡು ಸೀದಾ ಮನೆಯೊಳಗೆ ಬಂದೆ. ನಮ್ಮ ಮನೆಯವರು ಕಿಟಕಿಯ ಹತ್ತಿರ ಮಂಡಕ್ಕಿಯನ್ನು ತೊಡೆಯ ಮೇಲೆ ಹಾಕಿಕೊಂಡು ಮುಲಾಮು ಹಚ್ಚುತ್ತಿದ್ದರು.

“ನಿಮ್ಮ ಚಪ್ಪಲಿ ಎಷ್ಟು ಸೆಂಟಿಮೀಟರು?” ಎಂದು ಕೇಳಿದೆ.

“ಇಪ್ಪತ್ತೇಳು,” ಎಂದರು ತಲೆಯೆತ್ತದೆ.

“ಮೀನಿನ ವಿಷಯ ಆಮೇಲೆ ನೋಡ್ಕೋತೀನಿ. ಸೀಗೆಪುಡಿಯಿಂದ ಮರಿಗೆ ಹೀಗಾಗ್ತಿದೆ ಅಂತ ನಿಮಗೂ ಗೊತ್ತಿತ್ತಾ?”

“ಹೂಂ.”

“ಹೇಗೆ ಗೊತ್ತಿತ್ತು?”

ಅವರು ಮುಲಾಮಿನ ಟ್ಯೂಬಿಗೆ ಮುಚ್ಚಳ ಹಾಕಿದರು. ಮಂಡಕ್ಕಿಯನ್ನು ಮೆಲ್ಲಗೆ ಕೆಳಗಿಟ್ಟರು. ಅಂಗಿಯ ಎರಡು ಗುಂಡಿ ಬಿಚ್ಚಿ, ಕಾಲರನ್ನು ಹಿಂದಕ್ಕೆ ಜಗ್ಗಿ, ಬೆಳಕಿಗೆ ಬೆನ್ನು ತಿರುಗಿಸಿ ಕೂತರು. ಕಿವಿಯ ಹಿಂದಿನಿಂದ ಕತ್ತಿನ ಬುಡದವರೆಗೆ ಅಂಗೈಯಗಲದ ಕೆಂಪು ಕಲೆ, ಒಣಗಿ ಸಿಪ್ಪೆಯೆದ್ದು, ತುರಿಸಿಕೊಂಡ ಗೆರೆಗಳ ಸಮೇತ. ಸ್ನಾನದ ಹೊತ್ತಿನಲ್ಲಿ ಹಬೆಗೆ ಮಂಜಾಗುತ್ತದೆಂದು ನಾನು ಕನ್ನಡಕ ತೆಗೆದಿಟ್ಟಿರುತ್ತೇನೆ. ಉಳಿದ ಆರು ದಿನ ಅವರ ಅಂಗಿಯ ಕಾಲರ್ ಮೇಲಕ್ಕೇ ಇರುತ್ತದೆ. ನಾನು ಇದನ್ನು ನೋಡಿಯೇ ಇರಲಿಲ್ಲ.

“ಯಾವಾಗಿಂದ ಇದು?”

“ಮದುವೆಯಾದ ಮೂರನೇ ಭಾನುವಾರದಿಂದ. ಗುರುವಾರದ ಹೊತ್ತಿಗೆ ಸ್ವಲ್ಪ ಕಡಿಮೆ ಆಗತ್ತೆ ಮಾರಾಯ್ತಿ. ಅಷ್ಟರಲ್ಲಿ ಮತ್ತೆ ನೀನು ಎಣ್ಣೆ ಬಿಸಿಗಿಡ್ತೀಯ.”

ಇಪ್ಪತ್ತೆಂಟು ವರ್ಷ. ನನಗೆ ಅಳು ಬಂತು, ಸುಳ್ಳಲ್ಲ. ಒಂದು ಮಾತು ಆಡದೆ ಪ್ರತಿ ಭಾನುವಾರ ಮಣೆಯ ಮೇಲೆ ಬಂದು ಕೂತು ಕತ್ತು ಬಗ್ಗಿಸಿದ್ದಾರಲ್ಲ ಈ ಮನುಷ್ಯ. ಸೆಲ್ವಿಗೆ ಹೇಳಿದ ಹಾಗೆಯೇ ಇವರಿಗೂ ತಪ್ಪಾಯಿತು ಎಂದುಬಿಡಬೇಕು ಎಂದು ಹತ್ತಿರ ಹೋದೆ. ಕನ್ನಡಕ ಸರಿಮಾಡಿಕೊಂಡು ಬಗ್ಗಿ ಆ ಕಲೆಯನ್ನು ಇನ್ನೊಮ್ಮೆ ಸರಿಯಾಗಿ ನೋಡಿದೆ. ಬಾಯಿ ತೆರೆದದ್ದು ಅದಕ್ಕೇ, ದೇವರಾಣೆಗೂ ಅದಕ್ಕೇ. ಬಂದದ್ದು ಮಾತ್ರ ಬೇರೆ.

“ಅಲ್ಲಾ, ಕಟಿಂಗ್‌ಗೆ ನೀವು ಯಾವ ಅಂಗಡಿಗೆ ಹೋಗ್ತಿದೀರಿ?” ಎಂದು ಕೇಳಿದೆ.